ಎಂಬತ್ತೆರಡು ಡಿಗ್ರಿ

ಬಾಯ್ಸ್ ಹಾಸ್ಟೆಲ್, ರೂಮ್ 34
ವಿಜಯವಾಡ
12 ಜನವರಿ 1997

ಪೂಜ್ಯ ಶಂಕರಪ್ಪ ಕಾಕಾ ಅವರಿಗೆ ಇಂದುಧರನ ನಮಸ್ಕಾರಗಳು.

ಮೊದಲು ಕ್ಷಮೆ ಕೇಳಬೇಕು. ಏಳು ವರ್ಷ ಒಂದು ಕಾರ್ಡೂ ಹಾಕದವನು ಈಗ ಬರೆದಿದ್ದಾನೆ ಅಂದರೆ ಏನೋ ಕೆಲಸ ಬಿದ್ದಿರಬೇಕು ಅಂತ ನಿಮಗೆ ಅನಿಸುತ್ತದೆ. ಕೆಲಸ ಬಿದ್ದಿದೆ. ಎರಡು ಪುಟ ಕುಶಲ ಕೇಳಿ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬರೋಣ ಅಂತ ಮೂರು ಸಲ ಬರೆದು ಹರಿದೆ. ನನ್ನ ಕನ್ನಡಕ್ಕೂ ಸಾರಿ. ಆರನೇ ಕ್ಲಾಸಿನಿಂದ ಹಾಸ್ಟೆಲ್ಲೇ ನನ್ನ ಮನೆ, ಅಲ್ಲಿ ಕನ್ನಡ ಕೇಳಿದ್ದು ಅಪ್ಪಾಜಿಯ ಫೋನಿನಲ್ಲಿ ಮಾತ್ರ. ಇಂಗ್ಲಿಷಿನಲ್ಲಿ ಬರೆಯಲಾ ಅಂತ ಕೇಳಿದರೆ ಅವರು ನಾಗಪುರದಿಂದ ನಕ್ಕರು. "ಇಂಗ್ಲಿಷಿನಾಗ ಬರದ್ರ ಶಂಕರಪ್ಪ ಅದನ್ನ ಆಫೀಸ್ ಕಾಗದ ಅಂತ ತಿಳದು ಟ್ರಂಕಿನಾಗ ಇಟ್ಟಬಿಡ್ತಾನ" ಅಂದರು.

ವಿಶಾಖಪಟ್ಟಣದ ಕಂಚರಪಾಲೆಂನಲ್ಲಿ ನಾವಿದ್ದಾಗ ನಮ್ಮ ಗೋಡೆಗೆ ಗೋಡೆ ಅಂಟಿದ ಮನೆ ನಿಮ್ಮದಾಗಿತ್ತು. ನೀವು ಸಬ್‌ಮರೀನಿನ ಎಂಜಿನ್ ರೂಮಿನ ಚೀಫ್. ಒಂದೊಂದು ತಿಂಗಳು ಕಾಣೆಯಾಗಿ, ಮೈಯೆಲ್ಲ ಡೀಸೆಲ್ ವಾಸನೆ ಹೊತ್ತು ಬರುತ್ತಿದ್ದಿರಿ. ನನಗೆ ಅಷ್ಟು ನೆನಪಿದೆ.

ಇಲ್ಲಿ ನಾನು ಇಂಜಿನಿಯರಿಂಗ್ ಮೊದಲ ವರ್ಷ. ಕಂಪ್ಯೂಟರ್ ಲ್ಯಾಬಿನ ಎರಡು ಮಷೀನ್‌ಗಳಲ್ಲಿ ಸೀನಿಯರ್‌ಗಳು ಏಳು ಫ್ಲಾಪಿಯಿಂದ ಒಂದು ಸಬ್‌ಮರೀನ್ ಗೇಮ್ ಹಾಕಿದ್ದಾರೆ. ಆಡುವವನೇ ಕ್ಯಾಪ್ಟನ್. ನೀರಿನ ಮೇಲೆ ಬಂದು ಡೀಸೆಲ್ ಎಂಜಿನ್ ಓಡಿಸಿ ಬ್ಯಾಟರಿ ತುಂಬಿಸಿಕೊಳ್ಳಬೇಕು, ಮುಳುಗಬೇಕು, ಶತ್ರು ಹಡಗನ್ನು ಹೊಡೆಯಬೇಕು. ಮೊನ್ನೆ ನಾನು ಫುಲ್ ಸ್ಪೀಡಿಗೆ ಬಿಟ್ಟು ಮೆಸ್‌ಗೆ ಹೋಗಿ ಉಂಡು ಬಂದೆ. ಆಟದ ಲೆಕ್ಕದಲ್ಲಿ ಹನ್ನೊಂದು ದಿನ ಓಡಿತ್ತು. ಎಂಜಿನ್‌ಗೆ ಏನೂ ಆಗಿರಲಿಲ್ಲ. ಬಿಸಿ ಇಲ್ಲ, ಸವೆತ ಇಲ್ಲ, ಶಬ್ದ ಕೂಡ ಮೊದಲಿನದೇ. ನಿಮ್ಮನ್ನು ಅಷ್ಟು ಸುಸ್ತು ಮಾಡಿ ಕಳಿಸುತ್ತಿದ್ದ ಎಂಜಿನ್ ಇದಾಗಿರಲಾರದು ಅನಿಸಿತು.

ಇದನ್ನು ನಾನು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ಮೂರನೇ ವರ್ಷದ ಸತ್ಯಮೂರ್ತಿ ಎಂಬವರು ಮಾರ್ಚ್ ಫೆಸ್ಟಿಗೆ ಸ್ವಂತ ಸಬ್‌ಮರೀನ್ ಗೇಮ್ ಬರೆಯುತ್ತಿದ್ದಾರೆ. "ಏಂಟ್ರಾ ಬಾಬು, ಎಂಜಿನ್ ಎಂಜಿನ್ ಅಂಟಾವ್? ಅಯಿತೇ ನುವ್ವೇ ಚೆಯ್ಯಿ" ಅಂದರು. ಹಾಗಿದ್ದರೆ ನೀನೇ ಮಾಡು ಅಂತ. ಎಲ್ಲರೂ ನಕ್ಕರು. ಈಗ ಆ ಗೇಮಿನ ಎಂಜಿನ್ ನನ್ನ ಜವಾಬ್ದಾರಿ, ನನಗೆ ಸ್ಕೂಟರ್ ಕೂಡ ಬರುವುದಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಫುಲ್ ಸ್ಪೀಡಿನಲ್ಲಿ ಎಷ್ಟು ಹೊತ್ತಿಗೆ ಎಂಜಿನ್ ಬಿಸಿಯಾಗುತ್ತದೆ? ಎಷ್ಟು ಡಿಗ್ರಿಗೆ ನಿಲ್ಲಿಸಬೇಕು? ಒಳಗೆ ಸವೆದಿದೆ ಅಂತ ಹೊರಗಿನಿಂದ ಹೇಗೆ ತಿಳಿಯುತ್ತದೆ? ಬೇಜಾರಾದರೆ ಉತ್ತರಿಸಬೇಡಿ.

ನಿಮ್ಮ
ಇಂದುಧರ


ಪೆಂಡುರ್ತಿ
ವಿಶಾಖಪಟ್ಟಣ
24 ಜನವರಿ 1997

ಚಿರಂಜೀವಿ ಇಂದುಧರನಿಗೆ ಶಂಕರಪ್ಪನ ಆಶೀರ್ವಾದ.

ನಿನ್ನ ಕಾಗದ ಬಂತು. ಎರಡು ಸಲ ಓದಿಸಿದೆ. ಸಬ್‌ಮರೀನಿನ ಎಂಜಿನ್ ಬಗ್ಗೆ ಒಂದು ಅಂಕಿಯನ್ನೂ ಬರೆಯಲಾರೆ. ಒಳಗಿನ ಗುಟ್ಟು ಹೊರಗೆ ಹೇಳುವುದಿಲ್ಲ ಅಂತ ಸಹಿ ಮಾಡಿ ಬಂದವನು ನಾನು. ಆಟಕ್ಕಾದರೂ ಅಷ್ಟೇ, ಪೂಜೆಗಾದರೂ ಅಷ್ಟೇ.

ಆದರೆ ಡೀಸೆಲ್ ಎಂಜಿನ್ ನೀರೊಳಗಿದ್ದರೇನು, ನೆಲದ ಮೇಲಿದ್ದರೇನು, ಅದರ ಸ್ವಭಾವ ಒಂದೇ. ರಿಟೈರ್ ಆದಮೇಲೆ ನಾನು ಇಲ್ಲೇ ಒಂದು ಐಸ್ ಫ್ಯಾಕ್ಟರಿಯಲ್ಲಿ ಜನರೇಟರ್ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಕರೆಂಟ್ ಹೋಗುತ್ತದೆ, ಎರಡಕ್ಕೆ ಬರುತ್ತದೆ. ಆ ನಾಲ್ಕು ತಾಸು ಕಂಪ್ರೆಸರ್ ಓಡಿಸಬೇಕಾದವನು ನಾನು. ನನ್ನ ಎಂಜಿನ್ ಸೋತರೆ ಅಷ್ಟೂ ಐಸು ನೀರು. ಇದರಲ್ಲಿ ಗುಟ್ಟು ಏನೂ ಇಲ್ಲ. ತಾಸಿಗೊಮ್ಮೆ ಎಂಜಿನ್ ತಂಪಿಡುವ ನೀರಿನ ಶಾಖ, ಎಣ್ಣೆಯ ಒತ್ತಡ, ಕುಡಿದ ಡೀಸೆಲ್, ಎಲ್ಲ ಲಾಗ್ ಪುಸ್ತಕದಲ್ಲಿ ಬರೆಯುವುದು ನೌಕಾಪಡೆಯಿಂದ ಬಂದ ರೂಢಿ. ಅವೇ ಅಂಕಿ ನಿನಗೆ ಕಳಿಸುತ್ತೇನೆ. ನಿನ್ನ ಸಬ್‌ಮರೀನಿಗೆ ನನ್ನ ಐಸ್ ಫ್ಯಾಕ್ಟರಿಯ ಎಂಜಿನ್ ಹಾಕು.

ಒಂದು ಮಾತು. ನನಗೆ ಐವತ್ತೇಳು. ಮಾಲೀಕರು ಯಾರನ್ನಾದರೂ ಸಣ್ಣ ವಯಸ್ಸಿನವನನ್ನು ಹಾಕಬೇಕು ಅಂತ ಎರಡು ವರ್ಷದಿಂದ ನೋಡುತ್ತಿದ್ದಾರೆ. ಒಂದು ತಪ್ಪು ಸಿಕ್ಕರೆ ಸಾಕು ಅವರಿಗೆ. ಇಲ್ಲಿಯವರೆಗೆ ಸಿಕ್ಕಿಲ್ಲ. ಎಂಜಿನ್ ಮುಂದೆ ನಿಂತಾಗ ನಾನು ಶಂಕರಪ್ಪ. ಮನೆಯಲ್ಲಿ ಕೂತರೆ ಬರೀ ಒಂದು ಸಾಮಾನು.

ಅಕ್ಷರ ನಿನ್ನ ಕಾಕುದು. ನನ್ನ ಕೈಗೆ ಗ್ರೀಸು ಇರ್ತದ, ಇನ್‌ಲ್ಯಾಂಡ್ ಹೊಲಸಾಗ್ತದ.

ಶಂಕರಪ್ಪ

ಅನಸೂಯಾ ಕಾಕುನ ಆಶೀರ್ವಾದ. "ಸಾಮಾನು" ಅಂತ ಬರೀಬ್ಯಾಡ್ರಿ ಅಂದೆ, "ಬರೀ, ಹೇಳಿದ್ದು ಬರೀ" ಅಂತಾರ. ಬರದೀನಿ. ಹಾಸ್ಟೆಲಿನಾಗ ಹೊಟ್ಟಿ ತುಂಬ ಉಣ್ತೀಯಿಲ್ಲೋ?


ವಿಜಯವಾಡ
6 ಫೆಬ್ರವರಿ 1997

ಪೂಜ್ಯ ಕಾಕಾ,

ನಿಮ್ಮ ಪತ್ರವನ್ನು ಸತ್ಯಮೂರ್ತಿಯವರಿಗೆ ತೆಲುಗಿನಲ್ಲಿ ಓದಿ ಹೇಳಿದೆ. ಮೊದಲು "ಐಸ್ ಫ್ಯಾಕ್ಟರಿನಾ?" ಅಂತ ಬಿದ್ದು ಬಿದ್ದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ರಿಯಲ್ ಡೇಟಾ ರಾ" ಅಂದರು. ಅವರ ಬಾಯಿಂದ ಅದು ದೊಡ್ಡ ಮಾತು.

ನಮ್ಮಲ್ಲಿ ಒಂದು ಜಗಳ ನಡೆದಿದೆ. ಎಂಜಿನ್ ಕೆಟ್ಟರೆ ಒಂದು ಬಟನ್ ಒತ್ತಿದ ಕೂಡಲೇ ಹೊಸದಾಗಬೇಕು, ಇಲ್ಲದಿದ್ದರೆ ಆಡುವವರಿಗೆ ಬೋರ್ ಅಂತ ಅವರು. ಬಿಸಿಯಾದರೆ ಕೆಂಪು ದೀಪ, ನಿಲ್ಲಿಸಿದರೆ ಹಸಿರು, ಮುಗಿಯಿತು. ನನಗೆ ಅದು ಸರಿ ಅನಿಸುತ್ತಿಲ್ಲ, ಆದರೆ ಯಾಕೆ ಅಂತ ಹೇಳಲು ಬರುತ್ತಿಲ್ಲ. ನೀವು ಹೇಳಿದರೆ ನಾನು ಹೇಳುತ್ತೇನೆ.

ಕಾಕು, ಊಟ ಪರವಾಗಿಲ್ಲ. ಓದೂ ಪರವಾಗಿಲ್ಲ. ಎಲ್ಲ ಚೆನ್ನಾಗಿದೆ.

ಇಂದುಧರ


ಪೆಂಡುರ್ತಿ
22 ಫೆಬ್ರವರಿ 1997

ಚಿ. ಇಂದುಧರನಿಗೆ,

ಹದಿನೈದು ದಿನದ ಅಂಕಿಗಳನ್ನು ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ. ನಿನ್ನ ಕಾಕು ಲಾಗ್ ನೋಡಿ ಇಳಿಸಿದ್ದಾಳೆ. "ನಾ ಏನು ನಿಮ್ಮ ಗುಮಾಸ್ತಿನೇನು?" ಅಂತ ಕೇಳಿದಳು.

ನಿಮ್ಮ ಜಗಳದ ತೀರ್ಮಾನ ಹೇಳುತ್ತೇನೆ. ಬಿಸಿ ಬೇರೆ, ಸವೆತ ಬೇರೆ. ಬಿಸಿ ಇಳೀತದ, ಸವೆತ ಇಳಿಯೂದಿಲ್ಲ. ಒಂದು ಸಲ ಮಿತಿ ಮೀರಿ ಕಾದ ಎಂಜಿನ್ ತಣ್ಣಗಾದ ಮೇಲೆ ನೋಡಲಿಕ್ಕೆ ಮೊದಲಿನಂತೆಯೇ ಇರುತ್ತದೆ. ಒಳಗೆ ಪಿಸ್ಟನ್ನಿನ ರಿಂಗ್ ಸವೆದಿರುತ್ತದೆ. ಮರುದಿನ ಅದೇ ಕೆಲಸಕ್ಕೆ ಒಂದು ಲೋಟ ಹೆಚ್ಚು ಎಣ್ಣೆ ಕುಡಿಯುತ್ತದೆ, ಸ್ವಲ್ಪ ಬೇಗ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಇನ್ನೂ ಸವೆಯುತ್ತದೆ. ದೀಪ ಹಸಿರಾಯಿತು ಅಂತ ಕ್ಯಾಪ್ಟನ್ ಖುಷಿಪಡುತ್ತಾನೆ. ಎಂಜಿನ್ ರೂಮಿನವನು ಖುಷಿಪಡುವುದಿಲ್ಲ. ನಿನ್ನ ಸೀನಿಯರ್ ಕ್ಯಾಪ್ಟನ್ ಜಾತಿಯವನು.

ಸವೆತ ತಿಳಿಯಬೇಕೆಂದರೆ ಎಣ್ಣೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಬೇಕು. ನುಣ್ಣಗಿದ್ದರೆ ಚಲೋ. ನುಣ್ಣನೆಯೊಳಗೆ ಮರಳಿನಂಥದು ಸಿಕ್ಕರೆ ಅದು ಲೋಹ. ಬಿಸಿಗೆ ಅಂಗೈ. ಬನಿಯನ್ ಬಟ್ಟೆ ಎರಡು ಪದರು ಮಡಚಿ ನೀರಿನ ಕೊಳವೆಯ ಮೇಲೆ ಇಡುತ್ತೇನೆ. ಮೀಟರಿನ ಮುಳ್ಳಿಗಿಂತ ಮೊದಲು ಅಂಗೈ ಹೇಳುತ್ತದೆ. ಹದಿನಾಲ್ಕು ವರ್ಷ ನೀರೊಳಗೆ ಇದೇ ಅಂಗೈಯಿಂದ ನಡೆಸಿದ್ದೇನೆ. ಹೊಸ ಹುಡುಗರು ಮೀಟರಿನ ಮುಂದೆ ಕಣ್ಣು ಕಿರಿದು ಮಾಡಿ ನಿಂತರೆ ನನಗೆ ನಗು ಬರುತ್ತಿತ್ತು.

ಇನ್ನೊಂದು ಕೆಟ್ಟ ಚಟದ ಬಗ್ಗೆ ಹೇಳಬೇಕು. ಸೋಮಾರಿಗಳು ತಾಸಿಗೊಮ್ಮೆ ಎದ್ದು ನೋಡುವುದಿಲ್ಲ. ಲಾಗ್‌ನಲ್ಲಿ ಮೇಲಿನ ಸಾಲನ್ನೇ ಕೆಳಗೆ ಇಳಿಸುತ್ತಾರೆ. ಒಂಬತ್ತು ಗಂಟೆಗೆ ಎಂಬತ್ತು, ಹತ್ತಕ್ಕೂ ಎಂಬತ್ತು. ಹಾಗೆ ಮಾಡಿದ ಒಬ್ಬನನ್ನು ನಾನು ವಾರಗಟ್ಟಲೆ ಬಿಲ್ಜ್ ತೊಳೆಯಲಿಕ್ಕೆ ಹಚ್ಚಿದ್ದೆ. ಬಿಲ್ಜ್ ಅಂದರೆ ಹಡಗಿನ ತಳದ ಕೊಳಕು ನೀರು ನಿಲ್ಲುವ ಜಾಗ. ಅವನು ಇವತ್ತಿಗೂ ದೀಪಾವಳಿಗೆ ಕಾರ್ಡು ಹಾಕುತ್ತಾನೆ.

ಶಂಕರಪ್ಪ


ವಿಜಯವಾಡ
20 ಮಾರ್ಚ್ 1997

ಪೂಜ್ಯ ಕಾಕಾ,

ಫೆಸ್ಟ್ ಮುಗಿಯಿತು. ನಮ್ಮ ಗೇಮ್ ಎಲ್ಲರಿಗೂ ಸಿಟ್ಟು ತರಿಸಿತು! ನನ್ನ ರೂಮ್‌ಮೇಟ್ ಜಗನ್ಮೋಹನ್, ಕೊಂಡಪಲ್ಲಿಯವನು, ಆಟದ ಮೊದಲ ದಿನವೇ ಫುಲ್ ಸ್ಪೀಡಿನಲ್ಲಿ ಓಡಿಸಿದ. ಬಿಸಿಯಾಯಿತು, ನಿಲ್ಲಿಸಿದ, ತಣ್ಣಗಾಯಿತು, ಮತ್ತೆ ಓಡಿಸಿದ. ಮೂರನೇ ದಿನ ಶತ್ರು ಹಿಂದೆ ಬಿದ್ದಾಗ ಎಂಜಿನ್ ಅರ್ಧ ಸ್ಪೀಡಿಗಿಂತ ಮೇಲೆ ಏಳಲಿಲ್ಲ. "ಮಾ ಇಂಟ್ಲೋ ಕೊಯ್ಯ ಬೊಮ್ಮಲು ಇಂತಕಂಟೇ ಬಾಗಾ ನಡುಸ್ತಾಯಿ" ಅಂತ ಬೈದ. ಅವರ ಮನೆಯಲ್ಲಿ ಮಾಡುವ ಮರದ ಬೊಂಬೆಗಳೇ ಇದಕ್ಕಿಂತ ಚೆನ್ನಾಗಿ ಓಡುತ್ತವಂತೆ. ಆದರೆ ಬೈದವರೆಲ್ಲ ಮತ್ತೆ ಬಂದು ಕ್ಯೂ ನಿಂತರು. ಎರಡನೇ ಸಲ ಆಡಿದವರು ಮೆಲ್ಲಗೆ ಓಡಿಸಿದರು. ಸತ್ಯಮೂರ್ತಿ ನನ್ನ ಬೆನ್ನು ತಟ್ಟಿದರು.

ಈಗ ಬೇಸಿಗೆಯ ಅಂಕಿಗಳು ಬೇಕು. ಹೊರಗೆ ಬಿಸಿಲು ಏರಿದರೆ ಎಂಜಿನ್ ಹೇಗೆ ಬದಲಾಗುತ್ತದೆ ಅಂತ ಸೇರಿಸಬೇಕು. ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ.

ಇಂದುಧರ


ಪೆಂಡುರ್ತಿ
5 ಏಪ್ರಿಲ್ 1997

ಚಿ. ಇಂದುಧರನಿಗೆ,

ನಿನ್ನ ಕಾಗದ ಓದಿಸಿ ಕೇಳಿ ಭಾಳ ನಕ್ಕೆ. ಮರದ ಬೊಂಬೆಯ ಮಾತನ್ನು ಫ್ಯಾಕ್ಟರಿಯಲ್ಲೂ ಹೇಳಿದೆ. ಬೇಸಿಗೆಯ ಅಂಕಿ ಇಟ್ಟಿದ್ದೇನೆ. ಈ ವರ್ಷ ಬಿಸಿಲು ಜೋರು. ಮಾಲೀಕರು ಈಗ ಸಂಜೆಯೂ ಎರಡು ತಾಸು ಓಡಿಸಲು ಹೇಳಿದ್ದಾರೆ. ನನ್ನ ಎಂಜಿನ್ ಗಟ್ಟಿ ಇದೆ. ನೀನೇ ನೋಡು, ಎಂಬತ್ತೆರಡು ದಾಟಿಲ್ಲ.

ಶಂಕರಪ್ಪ


ವಿಜಯವಾಡ
13 ಏಪ್ರಿಲ್ 1997

ಪೂಜ್ಯ ಕಾಕಾ,

ಈ ಪತ್ರ ಬರೆಯುವುದು ಕಷ್ಟವಾಗುತ್ತಿದೆ. ಎರಡು ದಿನದಿಂದ ಬರೆಯುತ್ತಿದ್ದೇನೆ.

ನಿಮ್ಮ ಹೊಸ ಅಂಕಿಗಳನ್ನು ಪ್ರೋಗ್ರಾಮ್‌ಗೆ ಕೊಟ್ಟೆ. ಪ್ರೋಗ್ರಾಮ್ ಕೆಟ್ಟಿದೆ ಅಂದುಕೊಂಡೆ. ಮೂರು ಸಲ ಮೊದಲಿನಿಂದ ನೋಡಿದೆ. ಕೆಟ್ಟಿಲ್ಲ. ಫೆಬ್ರವರಿಯಲ್ಲಿ ನಿಮ್ಮ ಎಂಜಿನ್ ತಾಸಿಗೆ ಹದಿನೆಂಟು ಲೀಟರ್ ಡೀಸೆಲ್ ಕುಡಿಯುತ್ತಿತ್ತು. ಈಗ ಅದೇ ಕಂಪ್ರೆಸರ್‌ಗೆ ಇಪ್ಪತ್ತೊಂದೂವರೆ. ಎಣ್ಣೆ ವಾರಕ್ಕೆ ಅರ್ಧ ಲೀಟರ್ ಸುರಿಯುತ್ತಿದ್ದಿರಿ, ಈಗ ಎರಡು. ಹೊರಗಿನ ಬಿಸಿಲು ಬೇರೆ ಏರಿದೆ. ಆದರೆ ನೀರಿನ ಶಾಖ ಮಾತ್ರ ಎಂಬತ್ತೆರಡು, ಎಂಬತ್ತೆರಡು, ಎಂಬತ್ತೊಂದು, ಎಂಬತ್ತೆರಡು. ಹದಿನೈದು ದಿನ ಹೀಗೇ. ನನ್ನ ಲೆಕ್ಕದಲ್ಲಿ ಅದು ತೊಂಬತ್ತನಾಲ್ಕರ ಹತ್ತಿರ ಇರಬೇಕು.

ಕಾಕಾ, ನೀವೇ ಬರೆದಿದ್ದಿರಿ, ಸೋಮಾರಿಗಳು ಮೇಲಿನ ಸಾಲನ್ನೇ ಇಳಿಸುತ್ತಾರೆ ಅಂತ. ನೀವು ಶಾಖ ನೋಡದೆ ಬರೆದಿದ್ದೀರಿ. ಹುಡುಗನ ಆಟಕ್ಕೆ ಇಷ್ಟು ಸಾಕು ಅಂತ ಬರೆದು ಕಳಿಸಿದ್ದರೆ ಅದನ್ನು ನೇರ ಹೇಳಬಹುದಿತ್ತು. ನಾನು ಆ ಅಂಕಿಗಳನ್ನು ಎಷ್ಟು ನಂಬಿದ್ದೆ ಅಂತ ನಿಮಗೆ ಗೊತ್ತಿಲ್ಲ.

ಬಿಸಿಲಲ್ಲಿ ಜಾಗ್ರತೆ. ಕಾಕುಗೆ ನಮಸ್ಕಾರ.

ಇಂದುಧರ


ಪೆಂಡುರ್ತಿ
21 ಏಪ್ರಿಲ್ 1997

ಚಿ. ಇಂದುಧರನಿಗೆ,

ಕಾಗದ ಮುಟ್ಟಿತು. ಈ ಸಲ ಬರೀ ನಾಲ್ಕು ಸಾಲು ಬರೆದಿದ್ದೀ. ಪರೀಕ್ಷೆ ಹತ್ತಿರ ಬಂದಿರಬೇಕು. ಬಿಸಿಲಲ್ಲಿ ಜಾಗ್ರತೆ ಅಂತ ನನಗೆ ಬುದ್ಧಿ ಹೇಳುವಷ್ಟು ದೊಡ್ಡವನಾದೆ, ಸಂತೋಷ. ಇನ್ನೂ ಒಂದು ವಾರದ ಅಂಕಿ ಇಟ್ಟಿದ್ದೇನೆ. ಎಂಜಿನ್ ಹಾಗೇ ಇದೆ, ಎಂಬತ್ತೆರಡು. ಸ್ವಲ್ಪ ಹೊಗೆ ಕಪ್ಪು ಅಂತ ವಾಚ್‌ಮನ್ ಹೇಳಿದ. ಬಿಸಿಲಿಗೆ ಹಾಗೆ ಕಾಣುತ್ತದೆ.

ಶಂಕರಪ್ಪ


ಪೋಸ್ಟ್ ಕಾರ್ಡ್
26 ಏಪ್ರಿಲ್ 1997

ಕಾಕಾ, ನಿಮ್ಮ ಉತ್ತರ ಬಂತು. ನಾನು ಕೇಳಿದ್ದಕ್ಕೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ. ಸರಿ. ಇನ್ನು ಮುಂದೆ ಅಂಕಿ ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ. ಇಂದುಧರ.


ಪೆಂಡುರ್ತಿ
2 ಮೇ 1997

ಇಂದೂ,

ನಾನು ನಿನ್ನ ಕಾಕು ಬರೀಲಿಕತ್ತೀನಿ. ಅವರು ಫ್ಯಾಕ್ಟರಿಗೆ ಹೋಗ್ಯಾರ. ಈ ಕಾಗದ ಅವರಿಗೆ ಗೊತ್ತಿಲ್ಲ.

ನಿನ್ನ ಕಾರ್ಡನ್ನ ಅವರಿಗೆ ಓದಿ ಹೇಳಿಲ್ಲ. ಅದಕ್ಕೂ ಮೊದಲಿನ ಕಾಗದದಾಗ ಲೀಟರು, ತೊಂಬತ್ತನಾಲ್ಕು, ಸೋಮಾರಿಗಳು ಅಂತ ಬರದಿದ್ದೀಯಲ್ಲ, ಅದನ್ನೂ ಓದಿಲ್ಲ. ಬಾಯಿಗೆ ಬಂತು, ನುಂಗಿಬಿಟ್ಟೆ. "ಬಿಸಿಲಾಗ ಜಾಗ್ರತೆ ಅಂತ ಬರದಾನ ನೋಡ್ರಿ" ಅಂದೆ. ಅವರು ಅದನ್ನೇ ಹಿಡಕೊಂಡು ಖುಷಿಪಟ್ರು. ನೀ ಅವರ ಮ್ಯಾಲೆ ಸಿಟ್ಟಾಗಬ್ಯಾಡ. ಉತ್ತರ ಬರದಿಲ್ಲ ಅಂದ್ರ ಅದು ನನ್ನ ತಪ್ಪು.

ಅವರು ಸೋಮಾರಿ ಅಲ್ಲ. ಅವರಿಗೆ ಕಣ್ಣು ಕಾಣೂದಿಲ್ಲ. ಎರಡೂ ಕಣ್ಣಿಗೆ ಪೊರೆ. ಡಿಸೆಂಬರಿನಾಗ ದವಾಖಾನಿಗೆ ಹೋಗಿದ್ವಿ. ಪೊರೆ ಇನ್ನೂ ಹಣ್ಣಾಗಿಲ್ಲ, ಮಳೆಗಾಲ ಬರಲಿ, ಆಮ್ಯಾಲೆ ಆಪರೇಷನ್ ಅಂದ್ರು. ಮನಿಯೊಳಗ, ರಸ್ತೆಮ್ಯಾಲೆ ಹೆಂಗೋ ನಡೀತಾರ. ಆದ್ರ ಮೀಟರಿನ ಮುಳ್ಳು ಅವರಿಗೆ ಕಾಣೂದಿಲ್ಲ, ಗಾಜಷ್ಟೇ ಬೆಳ್ಳಗ ಕಾಣ್ತದಂತ. ಡೀಸೆಲ್ಲು ಕಡ್ಡಿ ಇಳಿಬಿಟ್ಟು ಬೆರಳಿನಿಂದ ಅಳೀತಾರ, ಎಣ್ಣಿ ಡಬ್ಬಿ ಲೆಕ್ಕ. ಅವೆರಡೂ ಖರೆ. ಶಾಖ ಅಂಗೈ ಇಟ್ಟು ಬರೀತಾರ. ಮಾಲೀಕರಿಗೆ ಹೇಳಿದ್ರ ಅವತ್ತೇ ಮನಿಗೆ ಕಳಸ್ತಾರ. "ಮಳಿಗಾಲತನಕ ನಡಸ್ತೀನಿ ಅನಸೂಯಾ, ನಡಸ್ತೀನಿ" ಅಂತಾರ. ಇಪ್ಪತ್ತೆಂಟು ವರ್ಷ ಅವರು ಹೇಳಿದ್ದಕ್ಕೆ ಹೂಂ ಅಂದೀನಿ, ಇದಕ್ಕೂ ಅಂದೆ.

ನಿನಗ ಹೇಳೂದು ಯಾಕಂದ್ರ, ನೀ ಅವರಿಗೆ ಬರಿಯೂದು ಬಿಡಬ್ಯಾಡ. ನಿನ್ನ ಕಾಗದ ಬಂದ ದಿನ ಅವರು ಎರಡು ರೊಟ್ಟಿ ಜಾಸ್ತಿ ತಿಂತಾರ. ಆ ಲೆಕ್ಕದ ಸುದ್ದಿ ಬಿಟ್ಟು ಬ್ಯಾರೆ ಏನರೆ ಬರಿ.

ಅನಸೂಯಾ


ವಿಜಯವಾಡ
6 ಮೇ 1997

ಕಾಕು,

ಈ ಪತ್ರವನ್ನು ಒಂದು ಸಾಲೂ ಬಿಡದೆ ಕಾಕಾ ಅವರಿಗೆ ಓದಿ ಹೇಳಿ. ನಿಮ್ಮ ಹತ್ತಿರ ನಾನು ಹೀಗೆ ಮಾತಾಡಿದ್ದಿಲ್ಲ. ನೀವು ನನಗೆ ಗುಟ್ಟಾಗಿ ಬರೆದದ್ದನ್ನು ಅವರ ಮುಂದೆ ಬಿಚ್ಚುತ್ತಿದ್ದೇನೆ, ಅದಕ್ಕೆ ಆಮೇಲೆ ಬಂದು ನಿಮ್ಮ ಕಾಲು ಹಿಡಿಯುತ್ತೇನೆ. ಈಗ ಓದಿ.

ಕಾಕಾ, ಹದಿಮೂರನೇ ತಾರೀಖಿನ ನನ್ನ ಪತ್ರ ನಾಲ್ಕು ಸಾಲಿನದಲ್ಲ. ನಿಮ್ಮ ಶಾಖದ ಅಂಕಿಗಳು ಸುಳ್ಳು ಅಂತ ಬರೆದಿದ್ದೆ. ನಿಮ್ಮನ್ನು ಸೋಮಾರಿ ಅಂದಿದ್ದೆ. ಅದು ನನ್ನ ತಪ್ಪು. ಕಣ್ಣಿನ ವಿಷಯ ಕಾಕು ಹೇಳಿದ್ದಾರೆ. ಅವರಿಗೆ ಬೈಯಬೇಡಿ.

ಸುಳ್ಳು ಅಂಕಿ ನನಗೆ ಹೇಗೆ ಗೊತ್ತಾಯಿತು ಅಂತ ಕೇಳಿದರೆ, ಪ್ರೋಗ್ರಾಮ್‌ನಿಂದ ಅಂತ ಬರೆದಿದ್ದೆ. ಅದು ಪೂರ್ತಿ ನಿಜವಲ್ಲ. ನೋಡಿದ ಕೂಡಲೇ ಗೊತ್ತಾಯಿತು, ಯಾಕೆಂದರೆ ನಾನೇ ಅಂಥ ಅಂಕಿ ಬರೆದವನು. ಫಿಸಿಕ್ಸ್ ಲ್ಯಾಬಿನಲ್ಲಿ ಲೋಲಕದ ಎಕ್ಸ್‌ಪೆರಿಮೆಂಟ್ ಇತ್ತು. ನನ್ನ ಕೈ ನಡುಗುತ್ತದೆ, ಸ್ಟಾಪ್‌ವಾಚ್ ಸರಿಯಾಗಿ ಒತ್ತಲು ಬರುವುದಿಲ್ಲ, ಹಿಂದೆ ಕ್ಯೂ ನಿಂತಿರುತ್ತದೆ. ಸರಿಯಾದ ಉತ್ತರ ಎಷ್ಟು ಬರಬೇಕು ಅಂತ ಪುಸ್ತಕದಲ್ಲೇ ಇದೆಯಲ್ಲ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆದೆ. ಎಲ್ಲರೂ ಹಾಗೆ ಮಾಡುತ್ತಾರೆ. ನಾನು ಹತ್ತು ಎಕ್ಸ್‌ಪೆರಿಮೆಂಟ್ ಹಾಗೆ ಮಾಡಿದೆ. ಜನವರಿಯಲ್ಲಿ ಗಂಗಾಭವಾನಿ ಮೇಡಂ ನನ್ನ ರೆಕಾರ್ಡ್ ಬುಕ್ ನೋಡಿ, "ನೀ ಪೆಂಡುಲಂ ಚಾಲಾ ಮಂಚಿದಿ ನಾಯನಾ, ಒಕ್ಕಸಾರಿ ಕೂಡಾ ತಪ್ಪು ಚೆಯ್ಯಲೇದು" ಅಂದರು. ನಿನ್ನ ಲೋಲಕ ಬಹಳ ಒಳ್ಳೆಯದು, ಒಂದು ಸಲವೂ ತಪ್ಪು ಮಾಡಿಲ್ಲ ಅಂತ. ಬುಕ್ ವಾಪಸ್ ಕೊಡಲಿಲ್ಲ. ಎಲ್ಲ ಹತ್ತನ್ನೂ ಮತ್ತೆ ಮಾಡಿದರೆ ಮಾತ್ರ ಪ್ರಾಕ್ಟಿಕಲ್ ಪರೀಕ್ಷೆಗೆ ಬಿಡುತ್ತೇನೆ ಅಂದರು. ನಾನು ಹೋಗಲೇ ಇಲ್ಲ. ನಾಚಿಕೆ. ಅದರ ಬದಲು ಗೇಮ್ ಬರೆಯುತ್ತಾ ಕೂತೆ, ನಿಮಗೆ "ಓದೂ ಪರವಾಗಿಲ್ಲ" ಅಂತ ಬರೆದೆ. ಅಪ್ಪಾಜಿಗೆ ಇದು ಗೊತ್ತಿಲ್ಲ.

ಈಗ ಎಂಜಿನ್ ವಿಷಯ. ನಿಮ್ಮ ಡೀಸೆಲ್ ಮತ್ತು ಎಣ್ಣೆಯ ಅಂಕಿ ನಿಜ. ಅವುಗಳ ಪ್ರಕಾರ ನಿಮ್ಮ ಎಂಜಿನ್ ಹದಿನೈದು ದಿನಕ್ಕೂ ಮೇಲೆ ತೊಂಬತ್ತರಾಚೆ ಓಡುತ್ತಿದೆ. ನನ್ನ ಆಟದಲ್ಲಿ ಹಾಗೆ ಓಡಿಸಿದರೆ ಮೊದಲು ಎಣ್ಣೆ ಹೆಚ್ಚು ಕುಡಿಯುತ್ತದೆ, ಆಮೇಲೆ ಕಪ್ಪು ಹೊಗೆ, ಆಮೇಲೆ ಪಿಸ್ಟನ್ ಕಚ್ಚಿಕೊಂಡು ನಿಲ್ಲುತ್ತದೆ. ಮೊದಲೆರಡೂ ನಿಮಗೆ ಆಗಿವೆ. ಆಟದಲ್ಲಿ ನಿಂತರೆ ಜಗನ್ಮೋಹನ್ ಬೈದು ಮತ್ತೆ ಶುರು ಮಾಡುತ್ತಾನೆ. ಫ್ಯಾಕ್ಟರಿಯಲ್ಲಿ ನೀವು ಎಂಜಿನ್ನಿನ ಪಕ್ಕದಲ್ಲಿ, ಕೊಳವೆಯ ಮೇಲೆ ಕೈ ಇಟ್ಟು ನಿಂತಿರುತ್ತೀರಿ.

ನನ್ನ ಲೆಕ್ಕ ತಪ್ಪಿರಬಹುದು. ಫಸ್ಟ್ ಇಯರ್ ಹುಡುಗನ ಲೆಕ್ಕ. ತಪ್ಪಾಗಲಿ ಅಂತಲೇ ಬೇಡಿಕೊಳ್ಳುತ್ತೇನೆ. ಒಂದೇ ಕೇಳುತ್ತೇನೆ. ಕಣ್ಣಿರುವ ಯಾರನ್ನಾದರೂ, ವಾಚ್‌ಮನ್ ಆದರೂ ಸರಿ, ಮೀಟರಿನ ಮುಂದೆ ನಿಲ್ಲಿಸಿ ಮುಳ್ಳು ಎಲ್ಲಿದೆ ಅಂತ ಕೇಳಿ. ಹಾಗೆ ಕೇಳಿದರೆ ನಿಮ್ಮ ಗುಟ್ಟು ಹೊರಬೀಳುತ್ತದೆ ಅಂತ ನನಗೆ ಗೊತ್ತು. ನೀವು ಎಂಜಿನ್ ಮುಂದೆ ನಿಂತಾಗ ಮಾತ್ರ ಶಂಕರಪ್ಪ ಅಂತ ಬರೆದಿದ್ದಿರಿ. ನನಗೆ ನೀವು ಕಂಚರಪಾಲೆಂನಲ್ಲಿ ಬನಿಯನ್ ಹಾಕಿಕೊಂಡು ಕಟ್ಟೆಯ ಮೇಲೆ ಕೂತು ನನ್ನ ಚಪ್ಪಲಿಯ ಉಂಗುಷ್ಠ ಹೊಲಿದುಕೊಟ್ಟಾಗಲೂ ಶಂಕರಪ್ಪ ಕಾಕಾನೇ.

ಫ್ಯಾಕ್ಟರಿಯ ಫೋನ್ ನಂಬರ್ ಇದ್ದಿದ್ದರೆ ಎಸ್‌ಟಿಡಿ ಬೂತಿನಿಂದ ಕೂಗಿ ಹೇಳುತ್ತಿದ್ದೆ. ಇಲ್ಲ. ಇದು ಸ್ಪೀಡ್ ಪೋಸ್ಟ್.

ಇಂದುಧರ


13 ಮೇ

ಇಂದೂ

ನಾನೇ ಬರದೀನಿ. ಸಾಲು ಸೊಟ್ಟ ಆಗ್ಯಾವ. ಸ್ಕೆಚ್ ಪೆನ್ನು ತಂದೀನಿ. ಕಾಕು ಪೂರಾ ಓದಿದಳು. ನಡುವ ನಡುವ ಅತ್ತಳು.

ಒಂಬತ್ತನೇ ತಾರೀಖಿಗೆ ವಾಚ್‌ಮನ್‌ನ ನಿಲ್ಲಿಸಿ ಕೇಳಿದೆ. ಏನದ ಮುಳ್ಳು? ತೊಂಬತ್ತೇಳು ಸಾರ್ ಅಂದ. ಮತ್ತೊಮ್ಮೆ ನೋಡು ಅಂದೆ. ತೊಂಬತ್ತೇಳೇ ಸಾರ್, ಕೆಂಪು ಗೆರಿ ದಾಟೇದ ಅಂದ. ಲೋಡ್ ತೆಗದು ನಿಲ್ಲಿಸಿದೆ. ಮಾಲೀಕರು ಓಡಿ ಬಂದರು. ಐಸು ಐಸು ಅಂತ ಕೂಗಿದರು. ನೀರಿನ ಪಂಪು ಬಿಚ್ಚಿಸಿದೆ. ಒಳಗ ತಿರುಗೋ ರೆಕ್ಕಿ ಅರ್ಧ ತಿಂದು ಹೋಗೇದ. ನೀರ ತಿರುಗತಿರಲಿಲ್ಲ. ಎರಡು ಪಿಸ್ಟನ್ನಿಗೆ ಗೀರು ಬಿದ್ದಾವ. ಇನ್ನೆರಡು ದಿನ ಓಡಿದ್ದರ ಹೋಗ್ತಿತ್ತು.

ಅಂಗೈ ಮೊದಲು ಹೇಳ್ತದ ಅಂತ ನಿನಗ ಬರದಿದ್ದೆ. ಅದು ಅರ್ಧ ಖರೆ. ಎಂಬತ್ತರ ಮ್ಯಾಲ ಅಂಗೈಗೆ ಎಲ್ಲಾ ಒಂದೇ. ಸುಡತದ ಅಂದ್ರ ಸುಡತದ. ಎಂಬತ್ತೆರಡೋ ತೊಂಬತ್ತೇಳೋ ಅದಕ್ಕ ತಿಳಿಯೂದಿಲ್ಲ. ಸಬ್‌ಮರೀನಿನಾಗ ನನಗ ಅಂಗೈನೂ ಇತ್ತು, ಕಣ್ಣೂ ಇದ್ದವು. ಅಂಗೈ ಒಂದೇ ಅಂತ ತಿಳಕೊಂಡಿದ್ದೆ.

ಮಾಲೀಕರಿಗೆ ನಾನೇ ಹೇಳಿದೆ. ಮುಳ್ಳು ಕಾಣೂದಿಲ್ಲ, ನಾಕು ತಿಂಗಳಿಂದ ಊಹಿಸಿ ಬರದೀನಿ, ಆ ಲಾಗ್ ಸುಳ್ಳು ಅಂತ. ಅವರು ಬೈಲಿಲ್ಲ. ಬೈದಿದ್ದರ ಚಲೋ ಇತ್ತು. ನಾಳಿಂದ ಬರಬ್ಯಾಡ್ರಿ ಅಂದರು. ಹೊಸಾವ ಬಂದಾನ. ಅವಗ ಎಂಜಿನ್ ತೋರಿಸಿಕೊಟ್ಟು ಬಂದೆ. ಕೈ ತೊಳಕೊಂಡೆ.

ದವಾಖಾನಿಗೆ ಹೋಗಿದ್ವಿ. ಬಲಗಣ್ಣು ಹಣ್ಣಾಗೇದಂತ. ಇಪ್ಪತ್ತಾರಕ್ಕ ಆಪರೇಷನ್. ನನಗ ಭಯ ಅದ. ನೀರೊಳಗ ಇಷ್ಟು ಭಯ ಇರಲಿಲ್ಲ.

ನನ್ನ ಸುಳ್ಳು ನಾ ಹೇಳಿದೆ. ನೀ ನಿನ್ನ ಮೇಡಂ ಕಡೆ ಹೋಗು.

ಶಂಕರಪ್ಪ


ವಿಜಯವಾಡ
18 ಮೇ 1997

ಪೂಜ್ಯ ಕಾಕಾ, ಕಾಕು,

ನಿಮ್ಮ ಪತ್ರ ಶುಕ್ರವಾರ ಸಿಕ್ಕಿತು. ಆವತ್ತೇ ಹೋದೆ. ಸ್ಟಾಫ್ ರೂಮಿನ ಬಾಗಿಲಲ್ಲಿ ಇಪ್ಪತ್ತು ನಿಮಿಷ ನಿಂತಿದ್ದೆ. ಮೇಡಂ ತಲೆ ಎತ್ತದೆ, "ಬಂದೆಯಾ? ಜನವರಿಯಿಂದ ಕಾಯುತ್ತಿದ್ದೇನೆ" ಅಂತ ಇಂಗ್ಲಿಷಿನಲ್ಲಿ ಅಂದರು. ಲ್ಯಾಬ್ ಕೀ ಕೊಟ್ಟರು. ಎರಡು ದಿನದಲ್ಲಿ ನಾಲ್ಕು ಮುಗಿದಿವೆ, ಆರು ಉಳಿದಿವೆ. ಲೋಲಕದ ಉತ್ತರ ಪುಸ್ತಕಕ್ಕಿಂತ ಶೇಕಡಾ ಎಂಟು ತಪ್ಪು ಬಂತು. ಕೈ ನಡುಗಿದ್ದೆಲ್ಲ ಅದರಲ್ಲಿ ಕಾಣುತ್ತದೆ. ಆ ಪುಟಕ್ಕೆ ಮೇಡಂ ಸಹಿ ಹಾಕಿದರು. ಪ್ರಾಕ್ಟಿಕಲ್ ಇಪ್ಪತ್ನಾಲ್ಕಕ್ಕೆ. ಅಪ್ಪಾಜಿಗೂ ಫೋನ್ ಮಾಡಿ ಹೇಳಿದೆ. ನಿಮ್ಮ ಕಣ್ಣಿನ ವಿಷಯವನ್ನೂ ಸೇರಿಸಿ ಎಲ್ಲ ಹೇಳಿಸಿಕೊಂಡರು, ಎಸ್‌ಟಿಡಿ ಮೀಟರ್ ಓಡುತ್ತಲೇ ಇತ್ತು. ಆಮೇಲೆ "ಶಂಕರಪ್ಪಗ ಯಾರು ಅದಾರ ದವಾಖಾನ್ಯಾಗ?" ಅಂತ ಕೇಳಿದರು.

ಗೇಮ್ ಬದಲಾಯಿಸಿದ್ದೇನೆ. ಈಗ ಎಂಜಿನ್ ರೂಮಿನವನಿಗೂ ಆಯಾಸವಾಗುತ್ತದೆ. ಒಬ್ಬನನ್ನೇ ಬಹಳ ದಿನ ನಿಲ್ಲಿಸಿದರೆ ಅವನು ಕೊಡುವ ಅಂಕಿ ಮೆಲ್ಲಗೆ ನಿಜದಿಂದ ದೂರ ಹೋಗುತ್ತದೆ. ಕ್ಯಾಪ್ಟನ್‌ಗೆ ಅದು ತಿಳಿಯಬೇಕಾದರೆ ಎದ್ದು ಹೋಗಿ ಅವನ ಪಕ್ಕದಲ್ಲಿ ನಿಲ್ಲಬೇಕು. ಸತ್ಯಮೂರ್ತಿ "ಇದಿ ಎವಡು ಆಡತಾಡ್ರಾ?" ಅಂದರು, ಇದನ್ನು ಯಾರು ಆಡುತ್ತಾರೆ ಅಂತ. ಅವರೇ ಸಂಜೆಯವರೆಗೂ ಆಡಿದರು.

ಇಪ್ಪತ್ತೈದರ ಬೆಳಗಿನ ರೈಲಿಗೆ ನಾನು ಬರಬಹುದು. ಥಿಯರಿ ಪರೀಕ್ಷೆ ಜೂನ್ ಎಂಟಕ್ಕೆ, ಪುಸ್ತಕ ತರುತ್ತೇನೆ. ಕಣ್ಣಿಗೆ ಪಟ್ಟಿ ಇದ್ದಷ್ಟು ದಿನ ಪೇಪರ್ ಓದಿ ಹೇಳುತ್ತೇನೆ. ನನ್ನ ಕನ್ನಡ ಓದು ನಿಧಾನ, ಸಹಿಸಬೇಕು. ಟಿಕೆಟ್ ಬುಕ್ ಮಾಡಲು ಇಪ್ಪತ್ಮೂರು ಕೊನೆ ದಿನ. ನಾನು ಬರಲೋ ಬೇಡವೋ? ಒಂದು ಕಾರ್ಡು ಸಾಕು, ಒಂದೇ ಶಬ್ದ ಸಾಕು. ದಯವಿಟ್ಟು ಬೇಗ ಬರೆಯಿರಿ.

ನಿಮ್ಮ
ಇಂದುಧರ